ಹೆಂಡತಿಗೆ ಹುಷಾರಿಲ್ಲ

ಸಿಲೋನಿನಲ್ಲಿದ್ದ ಭಾರತ ಸರ್ಕಾರದ ಪ್ರತಿನಿಧಿಯ ಕಚೇರಿಗೆ ನಾನು ಸೇರಿದ್ದು ಕೊಡಗಿನ ಕಾಫಿಯ ದೆಸೆಯಿಂದ. ಚೆಟ್ಟಳ್ಳಿಯ ಎಸ್ಟೇಟಿನಲ್ಲಿ ರೈಟರಾಗಿದ್ದಾಗ, ಕೂಲಿಗಳ ಲೈನುಮನೆಗಳಲ್ಲಿ ಓಡಾಡಿ ಕಲಿತ ತಮಿಳೇ ನನ್ನ ಬಂಡವಾಳ. ಸಿಲೋನಿನ ಟೀ ತೋಟಗಳಲ್ಲಿದ್ದ ನಮ್ಮ ದೇಶದ ತಮಿಳು ಕೂಲಿಗಳ ಅಹವಾಲು ಕೇಳುವುದು, ತೋಟದ ದೊರೆಗಳ ಜೊತೆ ನಯವಾಗಿ ಮಾತಾಡುವುದು ಕೆಲಸ. ಗುಮಾಸ್ತನಾಗಿ ಹೋದವನು ಬೇಗನೇ ಸಹಾಯಕ ಅಧಿಕಾರಿಯಾದೆ.

ಅಲ್ಲಿಂದ ಮೇಲೇರಲು ಕೆಲಸ ಗೊತ್ತಿದ್ದರೆ ಸಾಲದು. ಮೇಲಧಿಕಾರಿಗಳ, ದೊರೆಗಳ ಔತಣಗಳಿಗೆ ಹೆಂಡತಿಯ ಜೊತೆ ಹೋಗಬೇಕು, ಅವರನ್ನು ಮನೆಗೂ ಕರೆಯಬೇಕು. ನನ್ನವಳು ಕೊಡ್ಲಿಪೇಟೆ ಕಡೆಯ ರೈತರ ಮಗಳು. ಪರಗಂಡಸರು ಬಂದರೆ ಒಳಗೆ ಸರಿಯುವವಳು. ನನಗೆ ನಾಚಿಕೆಯಾಯಿತು. ಹೌದು, ನಾಚಿಕೆಯೇ, ಈಗ ಅದಕ್ಕೆ ಬೇರೆ ಹೆಸರಿಡಲಾರೆ. ಮೇಲಧಿಕಾರಿ ವಿಚಾರಿಸಿದಾಗ, "ಹೆಂಡತಿಗೆ ಹುಷಾರಿಲ್ಲ, ತವರಲ್ಲಿದ್ದಾಳೆ" ಅಂದುಬಿಟ್ಟೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಕಟ್ಟಿಕೊಂಡವಳನ್ನು ಮುಚ್ಚಿಡಲು ನನಗೆ ಒಂದೇ ಸುಳ್ಳು ಸಾಕಾಯಿತು. ವರ್ಷಗಟ್ಟಲೆ ಅದನ್ನೇ ಹೇಳಿದೆ.

ಒಮ್ಮೆ ರಜೆಯಲ್ಲಿ ಮಾವನ ಮನೆಗೆ ಬಂದಾಗ ಅವಳು ಗಟ್ಟಿಮುಟ್ಟಾಗಿ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದಳು. ಚಮಚ ಹಿಡಿಯಲು ಬಾರದವಳನ್ನು ದೊರೆಗಳ ಮೇಜಿಗೆ ಹೇಗೆ ಕರೆದೊಯ್ಯಲಿ ಎಂದು ಹಿಂದಿನ ಸಲ ನಾನು ಮಾಡಿದ್ದ ತಮಾಷೆಯನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಳೇನೋ, ಆ ರಾತ್ರಿ ಚಮಚದಲ್ಲಿ ಅನ್ನ ಸಾರು ಉಂಡು ತೋರಿಸಿದಳು. ಒಂದು ಅಗುಳೂ ಚೆಲ್ಲಲಿಲ್ಲ.

"ಈ ಸಲನಾದ್ರೂ ಕರ್ಕೊಂಡ್ ಹೋಗ್ತೀರಾ?" ಅಂದಳು.

"ಮುಂದಿನ ಸಲ" ಅಂದೆ. ಕಾಯಿಲೆಯವಳು ಇಷ್ಟು ಗುಂಡುಕಲ್ಲಿನ ಹಾಗಿದ್ದಾಳಲ್ಲ ಎಂದು ಅಲ್ಲಿಯವರು ಕೇಳಿಯಾರೆಂಬ ಭಯ ನನಗೆ.

ಮಾರನೆಯ ವರ್ಷದ ಬೇಸಗೆಯಲ್ಲಿ ಮಾವನಿಂದ ತಂತಿ ಬಂತು: ಮಗಳಿಗೆ ಚಳಿಜ್ವರ ಜೋರಾಗಿದೆ, ಕೂಡಲೇ ಹೊರಟು ಬನ್ನಿ. ಮೇಲಧಿಕಾರಿಗೆ ತೋರಿಸಿದೆ. "ಎಷ್ಟೋ ವರ್ಷದ ಕಾಯಿಲೆಯಲ್ಲವೇ, ಏರಿಳಿತ ಇದ್ದದ್ದೇ. ದೆಹಲಿಯ ನಿಯೋಗ ಬಂದು ಹೋಗಲಿ, ಆಮೇಲೆ ಹೊರಡಿ" ಎಂದು ಬೆನ್ನು ತಟ್ಟಿದರು. ಒಳ್ಳೆಯ ಮನುಷ್ಯ. ನಿಜ ಹೇಳಿದ್ದರೆ ಆ ದಿನವೇ ಕಳಿಸುತ್ತಿದ್ದರು. ಆದರೆ ನಾನು ಸುಳ್ಳುಗಾರ ಎಂದಾದರೆ ನನ್ನ ಬಡ್ತಿಯ ಗತಿ? ಬಾಯಿ ಮುಚ್ಚಿಕೊಂಡು, ಎಂಟು ದಿನ ನಿಯೋಗದವರ ಹಿಂದೆ ತೋಟ ಸುತ್ತಿದೆ.

ಕೊಡ್ಲಿಪೇಟೆಯಲ್ಲಿ ಬಸ್ಸಿಳಿದು ಮನೆ ಮುಟ್ಟಿದಾಗ ಅವಳು ಹೋಗಿ ಮೂರು ದಿನವಾಗಿತ್ತು. ಮಾವ ಜಗಲಿಯಿಂದ ಎದ್ದು ಬಂದರು.

"ಕೊನೇವರ್ಗೂ ನಿಮ್ ದಾರಿನೇ ನೋಡ್ತಿದ್ಲು. ದೊರೆಗಳು ರಜ ಕೊಡ್ಲಿಲ್ವಾ ಅಳಿಯಂದ್ರೇ?"

"ಕೊಡಲಿಲ್ಲ ಮಾವ" ಅಂದೆ.

"ನೀವಾದ್ರೂ ಏನ್ ಮಾಡ್ತೀರಿ, ಪರರ ಚಾಕ್ರಿ" ಎನ್ನುತ್ತ, ಮಗಳನ್ನು ಕಳೆದುಕೊಂಡ ಆ ಮುದುಕ ತನ್ನ ಹೆಗಲ ವಸ್ತ್ರದಿಂದ ನನ್ನ ಕಣ್ಣು ಒರೆಸಿದರು.