ಎತ್ತರದ ಕುರ್ಚಿ, ಉದ್ದದ ಸೌಟು

ನಮ್ಮ ಮನೆಯ ಊಟದ ಕೋಣೆಗೆ ಮೊದಲ ಸಲ ಬಂದವರು ಕುರ್ಚಿಗಳನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಆಮೇಲೆ ನನ್ನ ಮುಖ ನೋಡುತ್ತಾರೆ. ಮೇಜು ನಿಂತವರ ಎದೆಮಟ್ಟಕ್ಕಿದೆ. ಕುರ್ಚಿಗೆ ಎರಡು ಮೆಟ್ಟಿಲು ಹತ್ತಬೇಕು. ಹತ್ತಿ ಕೂತರೆ ಎಂಥ ದೊಡ್ಡ ಮನುಷ್ಯರ ಕಾಲೂ ಗಾಳಿಯಲ್ಲಿ ತೂಗಾಡುತ್ತದೆ. ಕಾಲು ನೆಲಕ್ಕೆ ಎಟುಕದಿದ್ದರೆ ಗಾಂಭೀರ್ಯ ಯಾರಿಗೂ ಉಳಿಯುವುದಿಲ್ಲ. ನಾನು ಗುಮಾಸ್ತನಾಗಿದ್ದ ಬ್ಯಾಂಕಿನ ಸಿಡುಕು ಮೋರೆಯ ಮ್ಯಾನೇಜರು ಇಲ್ಲಿ ಕೂತು, ಕಾಲಾಡಿಸುತ್ತ, ಇನ್ನೊಂದು ಸಲ ಪಾಯಸ ಹಾಕಿಸಿಕೊಂಡರು.

ಇದು ನನ್ನ ಕಲಾಪ್ರೇಮ ಎಂದು ತಿಳಿದವರಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ನಿಜವೆಂದರೆ, ತೊಂಬತ್ತರ ದಶಕದ ಕೊನೆಗೆ ಮೈಸೂರಿನ ಕೆಸರೆಯಲ್ಲಿ ಈ ಮನೆ ಕಟ್ಟಿಸುವಾಗ ನನಗಿದ್ದದ್ದು ಒಂದೇ ಹಟ: ಅಮ್ಮ ನಮ್ಮ ಜೊತೆ ಕೂತು ಉಣ್ಣಬೇಕು. ಎಲ್ಲರಿಗೂ ಬಡಿಸಿ, ಕೊನೆಗೆ ಒಲೆಯ ಪಕ್ಕ ಪಾತ್ರೆಯ ತಳ ಕೆರೆದು ಉಂಡವಳು ಅವಳು. ಕೂತುಕೋ ಎಂದರೆ, "ನೀವುಣ್ಣಿ, ನಂದೇನು, ಆಮ್ಯಾಕೆ ಆಯ್ತದೆ" ಎನ್ನುವಳು. ಆ ಆಮ್ಯಾಕೆ ಯಾವಾಗ ಬರುತ್ತಿತ್ತೋ, ಅಷ್ಟರಲ್ಲಿ ನಾವು ಕೈತೊಳೆದು ಹೋಗಿರುತ್ತಿದ್ದೆವು.

ಮನೆಗೆ ಆಯ ನೋಡುವವರು ಬಾಗಿಲಿಗೆ, ಬಾವಿಗೆ, ಒಲೆಗೆ ಅಳತೆ, ದಿಕ್ಕು ಎಲ್ಲ ಹೇಳುತ್ತಾರೆ. ಬಡಿಸುವವಳು ಎಲ್ಲಿ ಕೂರಬೇಕು ಎಂದು ಹೇಳಿದ್ದನ್ನು ನಾನಂತೂ ಕೇಳಿಲ್ಲ. ನಾನೇ ಹೇಳಿಬಿಡೋಣವೆಂದು ಕೋಣೆಯ ತುಂಬ ಒಂದು ಮೇಜು ಮಾಡಿಸಿದೆ. ಜಾಗವಿದ್ದರೆ ಕೂರುತ್ತಾಳೆ ಎಂಬ ಲೆಕ್ಕ. ಅಮ್ಮ ಸಾರಿನ ಪಾತ್ರೆ ಹಿಡಿದು ಅದನ್ನೇ ಪ್ರದಕ್ಷಿಣೆ ಹಾಕತೊಡಗಿದಳು. ನನ್ನ ದೊಡ್ಡ ಮೇಜಿನಿಂದ ಅವಳ ನಡಿಗೆ ದೊಡ್ಡದಾಯಿತು, ಅಷ್ಟೆ. "ಚೆಂದಾಗಿ ಮಾಡ್ಸ್‌ಬುಟ್ಟೆ ಕಣೋ" ಎಂದು ಮಂಡಿ ನೀವಿಕೊಂಡಳು. ನನಗೆ ಅವಮಾನವೂ ಆಯಿತು, ಸಂಕಟವೂ ಆಯಿತು.

ಆ ಮೇಜು ಮಾಡಿದ್ದ ಬಡಗಿ ಮಹದೇವುವನ್ನು ಉದಯಗಿರಿಯಿಂದ ಮತ್ತೆ ಕರೆಸಿದೆ. ಮೇಜು ಕುರ್ಚಿಗಳ ಕಾಲು ಎತ್ತರಿಸು, ಒಮ್ಮೆ ಹತ್ತಿದವರಿಗೆ ಇಳಿಯಲು ಬೇಜಾರಾಗಬೇಕು ಎಂದೆ.

"ಇದು ಉಣ್ಣಕ್ಕಾ ಸಾ, ಹೊಲ ಕಾಯಕ್ಕಾ?" ಎಂದ ಮಹದೇವು.

ಬಡಿಸಲು ಯಾರೂ ಏಳದಿರಲೆಂದು ಮದುವೆ ಅಡುಗೆಯವರ ತೋಳುದ್ದದ ಸೌಟುಗಳನ್ನೂ ತಂದೆ. ನನ್ನ ಹೆಂಡತಿ ನಗುತ್ತಲೇ ಪಾತ್ರೆಗಳನ್ನೆಲ್ಲ ಮೇಜಿನ ನಡುವೆ ಜೋಡಿಸಿ, ಅತ್ತೆಯ ಕೈಹಿಡಿದು ಹತ್ತಿಸಿದಳು. ತಾನೂ ಹತ್ತಿದಳು.

ಅಮ್ಮ ಅಭ್ಯಾಸಬಲದಿಂದ ಏಳಲು ಹೋದಳು. ಕೆಳಗೆ ನೋಡಿದಳು. ಕೂತಳು. ನಾನು ಸೌಟು ಚಾಚಿ ಅವಳ ತಟ್ಟೆಗೆ, ಮುದ್ದೆಯ ಪಕ್ಕಕ್ಕೆ, ಉಪ್ಪುಸಾರು ಬಿಟ್ಟೆ. ಅರ್ಧ ಮೇಜಿನ ಪಾಲಾಯಿತು. ಮುದ್ದೆ ಮುರಿದು ಸಾರಿಗೆ ಅದ್ದಿದವಳು ಥಟ್ಟನೆ ಬೆರಳು ಹಿಂದೆಗೆದಳು.

"ಇದೇನ್ಲಾ, ಸಾರು ಇಷ್ಟೊಂದು ಸುಡ್ತದೆ! ನೀವೆಲ್ಲ ದಿನಾ ಇಂಗೇ ಬಿಸೀದೇ ಉಣ್ಣೋದಾ?"

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಟ್ಟೆ.

ಈಗಲೂ ಯಾರಾದರೂ ಕುರ್ಚಿ ವಿಪರೀತ ಎತ್ತರವಾಯಿತು ಎಂದರೆ ನಾನು ವಾದಕ್ಕಿಳಿಯುವುದಿಲ್ಲ. ಸಾರು ಬಿಸಿಯಿದೆಯಾ ಎಂದಷ್ಟೇ ಕೇಳುತ್ತೇನೆ.