ಬಾಗಿಲಿಗೆ ಕಿವಿಯಿಡುವ ಹುಳದಕ್ಕ

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಉದ್ಯಾನದ ಹಿಂಬದಿಯ ಗಾಜಿನ ಮನೆಯ ಮುಂದೆ ಚಪ್ಪಲಿ ಬಿಟ್ಟು ಬೀಗ ತೆಗೆದ ಹೆಂಗಸು, ಬಾಗಿಲನ್ನು ಮಾತ್ರ ತಳ್ಳುವುದಿಲ್ಲ. ಅದಕ್ಕೆ ಕಿವಿ ಹಚ್ಚಿ ನಿಲ್ಲುತ್ತಾರೆ. ಒಳಗೆ ಬಲೆ ಹೊದಿಸಿದ ಗೂಡುಗಳಲ್ಲಿ ಚಂದ್ರಪತಂಗದ ಹುಳುಗಳಿವೆ. ಅವು ಎಲೆ ಮೇಯುವ ಚರಚರ ಸದ್ದು ಹೊರಗೂ ಕೇಳಬೇಕು. ಇವತ್ತು ಕೇಳುತ್ತಿಲ್ಲ.

"ಸದ್ದಿದ್ರೆ ಜೀವ ಇದೆ ಅಂತ ಅರ್ಥ. ಇಲ್ದಿದ್ರೆ ಜ್ವರಕ್ಕೆ ಕೂತಿರ್ಬೇಕು. ಅದೂ ಅಲ್ದಿದ್ರೆ... ಬೇಡ ಬಿಡಿ, ಬಾಯಲ್ಲಿ ಆಡಬಾರ್ದು" ಎನ್ನುತ್ತಾರೆ. ಊರವರ ಬಾಯಲ್ಲಿ ಇವರು ಹುಳದಕ್ಕ. ಇವರು ಹೇಳುವ ಜ್ವರ ಕಾಯಿಲೆಯಲ್ಲ. ಹಳೆಯ ಚರ್ಮ ಕಳಚುವ ಮುನ್ನ ಹುಳು ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ಕೂರುವುದು.

ಹಾಗಾದರೆ ಬಾಗಿಲು ತಳ್ಳಲು ಯಾಕೆ ಹಿಂಜರಿಕೆ? ಕಾರಣ ಮನೆಯಲ್ಲೇ ಇದೆ. ಇವರ ಗಂಡ ಬೀದಿ ಬೀದಿ ಸುತ್ತಿ ಸೊಳ್ಳೆಗೆ ಹೊಗೆ ಹೊಡೆಯುವವರು. ಹೆಂಡತಿ ಹುಳ ಸಾಕುವುದು, ಗಂಡ ಹುಳ ಕೊಲ್ಲುವುದು! ಎಣ್ಣೆ ಸೀಗೇಕಾಯಿ ಸಂಬಂಧವೆಂದರೆ ಇದೇ. ಆದರೆ ಜಗಳವಿಲ್ಲ, ಬಟ್ಟೆ ಒಣಹಾಕುವ ಹಗ್ಗ ಮಾತ್ರ ಎರಡು. ಅಂಗಳದ ಆ ತುದಿಗೆ ಅವರದು, ಈ ತುದಿಗೆ ಇವರದು. ಸೋಪು ಬೇರೆ, ಬಕೆಟ್ ಬೇರೆ, ಟವೆಲ್ ಬೇರೆ. ಒಲೆ ಒಂದೇ, ಸದ್ಯ.

ನಿನ್ನೆ ಸಂಜೆ ಗಾಳಿ ಎದ್ದಾಗ ಮಗಳು ಎರಡೂ ಹಗ್ಗದ ಬಟ್ಟೆಗಳನ್ನು ಒಟ್ಟಿಗೆ ಬಾಚಿ ತಂದು ಮಡಚಿಟ್ಟಳು. ಅವಸರದಲ್ಲಿ ಹುಳದಕ್ಕ ಸಿಕ್ಕಿದ ಟವೆಲಿನಲ್ಲಿ ಕೈ ಒರೆಸಿಕೊಂಡು ಬಂದು ಮೇವು ಹಾಕಿ ಹೋದರು. ಮನೆಗೆ ಮರಳಿ ನೋಡಿದರೆ ಅದು ಗಂಡನ ಟವೆಲ್. ಹೊಗೆಯ ಮದ್ದು ಒಂದಿಷ್ಟು ಅಂಟಿದ್ದರೂ ಹುಳುಗಳಿಗೆ ವಿಷ.

ಹಿಂದೊಮ್ಮೆ ಒಂದು ಗೂಡು ಪೂರ್ತಿ ಹೋಗಿತ್ತು. ಆಗ ಆದದ್ದಿಷ್ಟೇ: ಕೆಲಸದಿಂದ ಬಂದ ಗಂಡ ಹೆಗಲ ಮೇಲೆ ಕೈಯಿಟ್ಟಿದ್ದರು, ಅದೇ ಬಟ್ಟೆಯಲ್ಲಿ ಇವರು ಗಾಜಿನ ಮನೆಯೊಳಗೆ ಬಂದಿದ್ದರು. "ಹಸಿರು ವಾಂತಿ ಮಾಡ್ಕೊಂಡು, ಒದ್ದಾಡಿ ಒದ್ದಾಡಿ ಬಿದ್ವು. ಕೂಗಕ್ಕೂ ಬರಲ್ಲ ಪಾಪದವಕ್ಕೆ." ಈ ಸಲದ ಹುಳುಗಳೆಲ್ಲ ಒಂದೇ ತಾಯಿಯ ಮಕ್ಕಳು. ಇವು ಹೋದರೆ ಗಾಜಿನ ಮನೆ ಖಾಲಿ.

ಮೊಟ್ಟೆಯಿಂದ ಕೂದಲೆಳೆಯಷ್ಟು ಸಣ್ಣಗೆ ಬರುವ ಹುಳು ಒಂದೊಂದು ಜ್ವರಕ್ಕೂ ಹಿಗ್ಗಿ, ಹಸಿರಾಗಿ, ಮೈತುಂಬ ಹಳದಿ ಗುಬುಟು ಮೂಡಿಸಿಕೊಂಡು ಬೆರಳುದ್ದ ಬೆಳೆಯುತ್ತದೆ. ಆಮೇಲೆ ಎಲೆ ಸುತ್ತಿಕೊಂಡು ಕಂದು ಗೂಡು ಕಟ್ಟುತ್ತದೆ. ಹೊರಬರುವ ಪತಂಗ ಎಳೆ ಹಸಿರು. ರೆಕ್ಕೆಯ ಮೇಲಂಚಿಗೆ ನೇರಳೆಗೆಂಪಿನ ಗೆರೆ, ಒಂದೊಂದು ರೆಕ್ಕೆಗೂ ಒಂದೊಂದು ಕಣ್ಣುಚುಕ್ಕೆ, ಹಿಂದೆ ಇಳಿಬಿದ್ದ ಜೋಡಿ ಬಾಲ. ಉಣ್ಣಲು ಬಾಯಿ ಮಾತ್ರ ಇಲ್ಲ. ವಾರದೊಳಗೆ ಜೋಡಿಯಾಗಿ, ಮೊಟ್ಟೆಯಿಟ್ಟು ಮುಗಿಯುತ್ತದೆ. "ಅದಕ್ಕೇ ಈಗ್ಲೇ ಹೊಟ್ಟೆ ತುಂಬಿಸ್ಬೇಕು. ಆಮೇಲೆ ನಾವು ಕೊಡ್ತೀವಿ ಅಂದ್ರೂ ಆಗಲ್ಲ."

ಗೇಟಿನಾಚೆ ಗಂಡ ನಿಂತಿದ್ದಾರೆ. ಹೊಗೆಯ ಯಂತ್ರವನ್ನು ರಸ್ತೆಯ ಆ ಬದಿಗೆ ಇಟ್ಟಿದ್ದಾರೆ.

"ಏನಾಯ್ತೇ?"

"ಇನ್ನೂ ತೆಗ್ದಿಲ್ಲ ರೀ. ನೀವು ಅಲ್ಲೇ ಇರಿ."

"ಅವುಗಳ ಪಾಲಿಗೆ ನಾನೇ ಯಮ ನೋಡಿ" ಎಂದು ಗಂಡ ನಮ್ಮ ಕಡೆ ತಿರುಗಿ ನಗಲು ನೋಡುತ್ತಾರೆ. ನಗು ಬರುವುದಿಲ್ಲ.

ಹುಳದಕ್ಕ ಬಾಗಿಲು ತಳ್ಳುತ್ತಾರೆ. ನಿನ್ನೆಯ ಮೇವು ಹಾಗೇ ಉಳಿದಿದೆ. ಮೊದಲ ಗೂಡಿಗೆ ಬಗ್ಗಿ ಮೆಲ್ಲಗೆ ಉಸಿರು ಊದುತ್ತಾರೆ. ತಲೆಯೆತ್ತಿ ಕೂತ ಹುಳುವೊಂದು ಮೈ ಮುದುಡುತ್ತದೆ. ಪಕ್ಕದ್ದೂ ಮುದುಡುತ್ತದೆ.

"ಜ್ವರ ರೀ! ಜ್ವರಕ್ಕೆ ಕೂತಿವೆ!" ಎಂದು ಗೇಟಿನ ಕಡೆ ಕೂಗುತ್ತಾರೆ. ಜ್ವರದ ಸುದ್ದಿಗೆ ಇಷ್ಟು ಸಂತೋಷಪಡುವ ಗಂಡ ಹೆಂಡತಿ ಬೇರೆಲ್ಲೂ ಸಿಗಲಾರರು. ಆದರೆ ಕೊನೆಯ ಗೂಡಿನಲ್ಲಿ ಎರಡು ಹುಳುಗಳು ಕೆಳಗೆ ಬಿದ್ದಿವೆ. ಅವನ್ನು ಹುಳದಕ್ಕ ಎಲೆಯ ಮೇಲೆತ್ತಿ ಹೊರಗಿಡುತ್ತಾರೆ. ಉಳಿದವು ಚರ್ಮ ಕಳಚಿ ಮೇಯುತ್ತವೋ ಇಲ್ಲವೋ ನಾಳೆಯೇ ಗೊತ್ತಾಗಬೇಕು.

ಆಸೆ ಏನೆಂದು ಕೇಳಿದರೆ ಗೇಟಿನತ್ತ ನೋಡುತ್ತಾರೆ. "ಪತಂಗ ಹೊರಗೆ ಬರೋ ಹೊತ್ತಿಗೆ ಇವ್ರು ರಜೆ ಹಾಕಿ, ಮೈ ತಿಕ್ಕಿ ಸ್ನಾನ ಮಾಡಿ, ನನ್ನ ಹಗ್ಗದಲ್ಲಿ ಒಣಗಿದ ಬಟ್ಟೆ ಹಾಕ್ಕೊಂಡು ಒಳಗೆ ಬರ್ಬೇಕು. ಇಷ್ಟು ವರ್ಷದಲ್ಲಿ ರೆಕ್ಕೆ ಬಿಚ್ಚೋದನ್ನ ಒಂದ್ಸಲಾನೂ ನೋಡಿಲ್ಲ."

ನಾಳೆ ಮತ್ತೆ ಇದೇ ಬಾಗಿಲು. ಭಯವಾಗುವುದಿಲ್ಲವೇ?

"ದಿನಾ ಆಗತ್ತೆ" ಎನ್ನುತ್ತಾರೆ ಹುಳದಕ್ಕ, ಒಣಗಿದ ಎಲೆ ಗುಡಿಸುತ್ತಾ. "ಆದ್ರೆ ಈ ಬಾಗ್ಲನ್ನ ಒಂದಿನಾನೂ ಬೇರೆಯವ್ರ ಕೈಲಿ ತೆಗಿಸಿಲ್ಲ."