ಕಸಾರಾ ಘಾಟಿಯವರೆಗೆ

ನೀಲಾವತಿ ಸೈಕಲ್ ಕಲಿತದ್ದು ಮದುವೆಯಾಗಿ ಮುಂಬಯಿಗೆ ಬಂದ ಮೇಲೆ. ಕಲಿಸಿದವನು ಗಂಡ ಶೇಖರ. ಫೋರ್ಟ್ ಕಡೆಯ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ ಅವನದು. ವಾರವಿಡೀ ಸೀಸದ ಅಕ್ಷರಗಳ ಮೇಲೆ ಬಗ್ಗಿ ನಿಂತಿರುತ್ತಿದ್ದವನಿಗೆ ಆದಿತ್ಯವಾರ ಬಂತೆಂದರೆ ಆಂಟಾಪ್ ಹಿಲ್‌ನ ಚಾಳಿನ ಕೋಣೆಯಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಚಹಾ ಕುಡಿದವನೇ ಸಯನ್ ದಾಟಿ, ಆಗ್ರಾ ರಸ್ತೆ ಹಿಡಿದು ಹೊರಟುಬಿಡುತ್ತಿದ್ದ. ಸಂಜೆ ಮೈತುಂಬ ಧೂಳು ಹೊತ್ತು ಬಂದವನ ಬಾಯಲ್ಲಿ ಅದೇ ವರ್ಣನೆ: ಭಾಂಡುಪ್‌ನ ಹತ್ತಿರ ಬಲಕ್ಕೆ ಉಪ್ಪಿನ ಗದ್ದೆ, ಠಾಣೆ ದಾಟಿದರೆ ಕಡಲು ಒಳನುಗ್ಗಿದ ಖಾಡಿಯ ನೀರು, ಆಚೆ ಭತ್ತ, ಅದರಾಚೆ ಸಾಗುವಾನಿಯ ಕಾಡು.

“ರೈಲಲ್ಲಿ ಕೂತ್ರೆ ಇದೆಲ್ಲ ಓಡಿ ಹೋಗ್ತದೆ ಮಾರಾಯ್ತಿ. ಸೈಕಲಲ್ಲಿ ಹೋದ್ರೆ ನಿಧಾನಕ್ಕೆ ನಮ್ಮ ಹತ್ರ ಬರ್ತದೆ.”

“ಹಾಗಾದ್ರೆ ನನ್ನ ಹತ್ರವೂ ಬರ್ಲಿ. ನಾನೇನು ಈ ಗೋಡೆ ನೋಡ್ಲಿಕ್ಕೆ ಉಡುಪಿಯಿಂದ ಬಂದದ್ದಾ?” ಎಂದು ಅವಳು ಒಂದು ದಿನ ಜಗಳ ತೆಗೆದಳು.

ಅವನು ನಕ್ಕ. ಮರುವಾರವೇ ಚಾಳಿನಾಚೆಯ ಮಿಲಿಟರಿ ಬ್ಯಾರಕುಗಳ ಪಕ್ಕದ ಬಯಲಿನಲ್ಲಿ ಸೀಟು ಹಿಡಿದು ಹಿಂದೆ ಓಡಿದ. ಅವಳು ಬಿದ್ದಳು, ಎದ್ದಳು, ಮರಾಠಿ ಹೆಂಗಸರಂತೆ ಕಚ್ಚೆ ಹಾಕಿ ಸೀರೆ ಉಡುವುದನ್ನೂ ಕಲಿತಳು. “ಏನ ನೀಲವ್ವಾ, ಗಂಡಸರ ಗಾಡಿ ಹತ್ತೀಯಲ್ಲ!” ಎಂದು ನೆರೆಮನೆಯ ವಿಜಾಪುರದ ರಾಚವ್ವ ಬಾಯಿಗೆ ಸೆರಗಿಟ್ಟಳು. ಆಮೇಲೆ ಬಾಡಿಗೆಯ ಸೈಕಲ್ ಇನ್ನೊಂದು ಬಂತು. ಘೋಡ್‌ಬಂದರಿನಲ್ಲಿ ಎರಡನ್ನೂ ದೋಣಿಗೇರಿಸಿ ವಸಾಯಿಯ ಬಾಳೆತೋಟಗಳನ್ನು ಸುತ್ತಿ ಬಂದರು. ಮಕ್ಕಳಾಗಿರಲಿಲ್ಲ. ಅದರ ಚಿಂತೆಯೂ ಆ ದಾರಿಗಳಲ್ಲಿ ಹಿಂದೆ ಬೀಳುತ್ತಿತ್ತು.

ಒಂದು ಸಂಜೆ ಮುಲುಂಡ್‌ನ ಹತ್ತಿರ ರಸ್ತೆಯ ಅಂಚಿನಲ್ಲಿ ಎಮ್ಮೆಯೊಂದು ನಿಂತಿತ್ತು. ಶೇಖರ ನೇರ ಅದಕ್ಕೇ ಹೋಗಿ ಗುದ್ದಿದ.

“ಕಾಣ್ಲಿಲ್ವಾ?”

“ಎಮ್ಮೆ ಎಲ್ಲಿತ್ತು?” ಎಂದ ಅವನು, ನೆಲದಲ್ಲಿ ಕೂತುಕೊಂಡೇ.

ಆಸ್ಪತ್ರೆಯ ಡಾಕ್ಟರು ಸುತ್ತಿಬಳಸಿ ಹೇಳಲಿಲ್ಲ. ಕಣ್ಣಿನೊಳಗಿನ ಪರದೆ ಅಂಚಿನಿಂದ ಒಣಗುತ್ತ ಬರುತ್ತಿದೆ, ಈಗ ಕೊಳವೆಯೊಳಗಿಂದ ನೋಡಿದಂತೆ ಕಾಣುತ್ತದೆ, ಮುಂದೆ ಆ ಕೊಳವೆಯೂ ಮುಚ್ಚುತ್ತದೆ, ಮದ್ದಿಲ್ಲ ಎಂದರು. ಮೆಟ್ಟಿಲಿಳಿಯುವಾಗ ಶೇಖರ ಅವಳ ಭುಜ ಹಿಡಿದುಕೊಂಡ. “ಆಗ್ರಾ ರಸ್ತೆಯ ಕಸಾರಾ ಘಾಟಿ ನೋಡ್ಲಿಕ್ಕೆ ಬಾಕಿ ಉಂಟು ನೀಲಾ.”

ಐವತ್ತೈದನೇ ಇಸವಿಯ ದೀಪಾವಳಿ ಕಳೆದ ಮೇಲೆ ಹೊರಟರು. ಅವಳು ಕೆಂಪು ಸೀರೆ ಉಟ್ಟು ಮುಂದೆ, ಆ ಕೆಂಪನ್ನೇ ನೋಡುತ್ತ ಅವನು ಹಿಂದೆ. ಭಿವಂಡಿಯ ಮಗ್ಗಗಳ ಸದ್ದು ಹಿಂದಾಯಿತು. ಕೊಯ್ಲಾದ ಗದ್ದೆಗಳ ಒಣಹುಲ್ಲಿನ ವಾಸನೆ ಬಂತು. ಶಹಾಪುರದ ಧರ್ಮಶಾಲೆಯಲ್ಲಿ ತಂಗಿ, ಮಾರನೆಯ ದಿನ ಘಾಟಿಯನ್ನು ಸೈಕಲ್ ತಳ್ಳಿಕೊಂಡೇ ಹತ್ತಿದರು. ತುದಿಯಲ್ಲಿ ಗಾಳಿ ತಣ್ಣಗಿತ್ತು. ಕೆಳಗೆ ಕಣಿವೆ, ಒಂದರ ಹಿಂದೊಂದು ಬೆಟ್ಟ. ಶೇಖರ ತಲೆಯನ್ನು ಎಡದಿಂದ ಬಲಕ್ಕೆ ಮೆಲ್ಲಗೆ ಹೊರಳಿಸುತ್ತ ಚೂರು ಚೂರಾಗಿ ನೋಡಿದ. ಬಹಳ ಹೊತ್ತು ಹಾಗೆ ನೋಡಿ, “ಇಷ್ಟೆಲ್ಲ ಒಟ್ಟಿಗೆ ಕಾಣುವುದು ಹೇಗಿರ್ತದೆ ಅಂತ ಮರೆತುಹೋಯ್ತು” ಎಂದ.

ಇಳಿಯುವಾಗ ತಾನೇ ಬಿಡುತ್ತೇನೆಂದು ಹಟ ಹಿಡಿದ. ಮೊದಲ ತಿರುವಿನಲ್ಲಿ ಲಾರಿಯೊಂದು ಹಾರನ್ ಹೊಡೆಯುತ್ತ ಮೈಗೆ ತಾಗುವಂತೆ ಹೋಯಿತು. ಅವನು ಇಳಿದು ನಿಂತ. ಕೆಳಗಿನ ತನಕ ಇಬ್ಬರೂ ನಡೆದೇ ಬಂದರು.

ಮುಂದಿನ ಮಳೆಗಾಲದೊಳಗೆ ಛಾಪಖಾನೆಯ ಕೆಲಸ ಹೋಯಿತು. ನೀಲಾವತಿ ಸಯನ್‌ನ ಔಷಧಿ ಕಾರ್ಖಾನೆಯಲ್ಲಿ ಬಾಟಲಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದಳು. ಆದಿತ್ಯವಾರ ಮಾತ್ರ ಬಿಡಲಿಲ್ಲ. ಅವನನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಕಂಡದ್ದನ್ನೆಲ್ಲ ಹೇಳುತ್ತ ತುಳಿಯುತ್ತಿದ್ದಳು. ಹೆಂಡತಿ ಗಂಡನನ್ನು ಹೊತ್ತು ಹೋಗುವುದನ್ನು ನೋಡಿ ದಾರಿಯವರು ನಗುತ್ತಿದ್ದರು. ಅವನಿಗೆ ಅದು ತಟ್ಟಲಿಲ್ಲ. ತಟ್ಟಿದ್ದು ಬೇರೆ. ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳದೆ ಹೇಳಿದ: “ನೀನು ಈಗೀಗ ನೋಡುವುದೇ ಇಲ್ಲ, ಬರೀ ಹೇಳುವುದು. ಇವತ್ತು ಒಬ್ಬಳೇ ಹೋಗಿ ಬಾ.”

ಅವಳು ಮನಸ್ಸಿಲ್ಲದೆಯೇ ಹೊರಟಳು. ಆದರೆ ಠಾಣೆಯ ಖಾಡಿ ದಾಟುವಾಗ ಮೋಡ ಹರಿದು ಬಿಸಿಲು ಬಿತ್ತು. ಹಿಂದೆ ಭಾರವಿಲ್ಲದ ಸೈಕಲ್ ತಾನಾಗಿಯೇ ಓಡಿತು. ಹಸಿರು ಗದ್ದೆಯಿಂದ ಬೆಳ್ಳಕ್ಕಿಗಳು ಒಮ್ಮೆಲೇ ಎದ್ದವು. ಅವಳು ಹುಲ್ಲಿನಲ್ಲಿ ಕಾಲು ಚಾಚಿ ಕೂತಳು, ಹಾಡಿದಳು. ಮಧ್ಯಾಹ್ನದ ತನಕ ಗಂಡನ ನೆನಪೇ ಬರಲಿಲ್ಲ. ನೆನಪಾದಾಗ, ಯಾರೋ ಕೆನ್ನೆಗೆ ಹೊಡೆದಂತಾಯಿತು.

“ಹೇಗಿತ್ತು?” ಎಂದು ಅವನು ಬಾಗಿಲಲ್ಲೇ ಕೇಳಿದ.

“ಏನುಂಟು? ಬರೀ ಧೂಳು.”

ಅವನು ಕೈಯಾಡಿಸಿ ಅವಳ ಸೀರೆಯಂಚಿಗೆ ಅಂಟಿದ್ದ ಹುಲ್ಲಿನ ಮುಳ್ಳುಗಳನ್ನು ಮುಟ್ಟಿದ. “ಹುಲ್ಲಲ್ಲಿ ಕೂತಿದ್ದಿ. ನನಗೆ ಸುಳ್ಳು ಯಾಕೆ? ಹೇಳು, ಕೇಳ್ತೇನೆ.”

ಅವಳು ಹೇಳಿದಳು. ಬಿಸಿಲು, ನೀರು, ಹಕ್ಕಿ, ಹಾಡು. ಹೇಳುತ್ತ ಹೇಳುತ್ತ ಅವಳ ದನಿ ಮತ್ತೆ ಹಗುರಾಯಿತು. ಅವನು ಮೊದಲು ನಗುಮುಖದಿಂದ ಕೇಳಿದ. ಆಮೇಲೆ ಕೈಯೆತ್ತಿ, “ಸಾಕು ನೀಲಾ” ಎಂದ.

ಸೈಕಲನ್ನು ಛಾಪಖಾನೆಯ ಗೆಳೆಯ ದೂಜನಿಗೆ ಕೊಟ್ಟರು. ಕೊಡೋಣ ಎಂದವಳು ನೀಲಾವತಿಯೇ. ಶೇಖರ ಬೇಡವೆನ್ನಲಿಲ್ಲ. ದೂಜ ಅದನ್ನು ಹೆಗಲಿಗೇರಿಸಿ ಮೆಟ್ಟಿಲಿಳಿಯುವಾಗ ಇಬ್ಬರೂ ಕೋಣೆಯಿಂದ ಹೊರಗೆ ಬರಲಿಲ್ಲ.

ಎರಡು ವರ್ಷ ಕಳೆದು ಕಾರ್ಖಾನೆಯ ಹೆಂಗಸರೆಲ್ಲ ಬಸ್ಸು ಮಾಡಿಕೊಂಡು ಖಂಡಾಲಾಕ್ಕೆ ಪಿಕ್‌ನಿಕ್ ಹೊರಟರು. ನೀಲಾವತಿ ಬರಲಾರೆ ಎಂದಳು. ಯಾಕೆಂದು ಕೇಳಿದವರಿಗೆ, ಘಾಟಿ ಹತ್ತಿದರೆ ತಲೆಸುತ್ತು ಬರುತ್ತದೆ ಎಂದು ಹೇಳಿ, ಮುಂದಿನ ಬಾಟಲಿಗೆ ಚೀಟಿ ಅಂಟಿಸಿದಳು.